ವಕೀಲರ ತಪ್ಪಿಗೆ ವಕೀಲರದೇ ಸಾಕ್ಷಿ ಏಕೆ ಬೇಕು?

ನನ್ನ ಸೋದರಮಾವನ ಒಂದೂವರೆ ಎಕರೆ ಜಮೀನಿನ ದಾವೆಯ ಆರ್ಡರ್ ಶೀಟಿನ ನಕಲು ಇವತ್ತಿಗೂ ನನ್ನ ಬೀರುವಿನಲ್ಲಿದೆ. ಒಟ್ಟು ಮೂರು ಹಾಳೆ. ಮೊದಲ ವಾಯಿದೆಯಂದು ಪ್ರತಿವಾದಿಯ ಪರ ವಕಾಲತ್ತು ಹಾಕಿದ್ದು ದಾಖಲಾಗಿದೆ. ಆಮೇಲಿನ ನಾಲ್ಕು ವಾಯಿದೆಗಳಲ್ಲಿ ಒಂದೇ ಮಾತು: ಲಿಖಿತ ಹೇಳಿಕೆಗೆ ಸಮಯ ಕೋರಿದ್ದಾರೆ. ಅದರ ಮುಂದಿನ ಸಲ ಕೇಸು ಕರೆದಾಗ ವಕೀಲರು ಇಲ್ಲ. ವಾದಿಯ ಮುಖ್ಯ ವಿಚಾರಣೆ ಆಯಿತು, ಪಾಟೀಸವಾಲು ಇಲ್ಲ ಎಂದು ಬರೆದರು, ಮುಂದಿನ ತಿಂಗಳು ಡಿಕ್ರಿ. ಪ್ರತಿ ವಾಯಿದೆಗೆ ಮೊದಲು ಮಾವ ವಕೀಲರ ಮನೆಗೆ ಹೋಗಿ ಕೇಳುತ್ತಿದ್ದರು. ‘ನೀವು ಬರೋದು ಬೇಡ, ಬೇಕಾದಾಗ ಹೇಳಿ ಕಳಿಸ್ತೀನಿ’ ಎಂಬ ಉತ್ತರ ಸಿಗುತ್ತಿತ್ತು. ಕೊನೆಗೆ ಮನೆ ಬಾಗಿಲಿಗೆ ಬಂದದ್ದು ವಾರಂಟು ಹಿಡಿದ ಕೋರ್ಟಿನ ಅಮೀನ.

ಏಕಪಕ್ಷೀಯ ಡಿಕ್ರಿಯನ್ನು ರದ್ದು ಮಾಡಿಸಲು ಮಾವ ಬೇರೆ ವಕೀಲರನ್ನು ಹಿಡಿದು ಅರ್ಜಿ ಹಾಕಿದರು. ಅದಕ್ಕೆ ಕಾನೂನು ಕೊಟ್ಟಿರುವುದು 30 ದಿನ. ಆ ಅವಧಿ ದಾಟಿ ಹೋಗಿತ್ತು. ಅರ್ಜಿ ವಜಾ ಆಯಿತು. ಆ ಆದೇಶದಲ್ಲಿ ನ್ಯಾಯಾಧೀಶರು ಹಿಂದಿನ ವಕೀಲರು ತಮ್ಮ ಕೆಲಸ ಮಾಡಿಲ್ಲ ಎಂಬುದನ್ನು ಒಪ್ಪಿ ಬರೆದಿದ್ದಾರೆ. ಆದರೆ ಕಕ್ಷಿದಾರನೂ ಎಚ್ಚರದಿಂದ ಇರಬೇಕಿತ್ತು, ಎಲ್ಲವನ್ನೂ ವಕೀಲರ ತಲೆಗೆ ಕಟ್ಟಿ ಪಾರಾಗಲು ಬರುವುದಿಲ್ಲ ಎಂದೂ ಬರೆದಿದ್ದಾರೆ. ಹಾಗಾದರೆ ವಕೀಲರ ಮೇಲೆಯೇ ನಷ್ಟ ಪರಿಹಾರದ ದಾವೆ ಹಾಕೋಣ ಎಂದು ಮಾವ ಮೂರನೆಯವರ ಬಳಿ ಹೋದರು. ನಾನೂ ಜೊತೆಗಿದ್ದೆ. ಅವರು ಮೂರು ಹಾಳೆಯನ್ನೂ ಓದಿ, ಕನ್ನಡಕ ತೆಗೆದಿಟ್ಟು ಹೇಳಿದರು: ‘ಯಜಮಾನ್ರೇ, ತಪ್ಪಾಗಿದೆ, ನಿಜ. ಆದ್ರೆ ವಕೀಲರ ಕೆಲಸ ಸರಿಯೋ ತಪ್ಪೋ ಅಂತ ಇನ್ನೊಬ್ಬ ವಕೀಲರು ಕಟಕಟೆ ಹತ್ತಿ ಹೇಳ್ಬೇಕು. ಅದಿಲ್ದೆ ಇಂಥ ಕೇಸು ನಿಲ್ಲಲ್ಲ. ಈ ಊರಲ್ಲಿ ಯಾರು ಹೇಳ್ತಾರೆ? ನಾನಂತೂ ಹೇಳೋಕಾಗಲ್ಲ. ದಿನಾ ಒಂದೇ ರೂಮಲ್ಲಿ ಕೂತು ಕಾಫಿ ಕುಡಿಯೋರು ನಾವು.’

ಅವರು ಕೆಟ್ಟವರಲ್ಲ. ಅಂದು ಫೀಸನ್ನೂ ತೆಗೆದುಕೊಳ್ಳಲಿಲ್ಲ. ಅವರು ಹೇಳಿದ್ದು ಅವರೊಬ್ಬರ ಅಭಿಪ್ರಾಯವೂ ಅಲ್ಲ. ವಕೀಲರ ಸಂಘದ ಕೊಠಡಿಯಿಂದ ಹಿಡಿದು ದೊಡ್ಡ ನಗರಗಳ ಕಾನೂನು ವಿಚಾರಗೋಷ್ಠಿಗಳವರೆಗೆ ಇದೇ ಮಾತು ಸತ್ಯದಂತೆ ಓಡಾಡುತ್ತಿದೆ: ವಕೀಲನ ಕೆಲಸ ವಕೀಲನಿಗೇ ಗೊತ್ತು, ಅವನು ತಪ್ಪಿದನೇ ಎಂದು ಹೇಳಲು ಅದೇ ವೃತ್ತಿಯ ತಜ್ಞ ಬೇಕೇ ಬೇಕು. ಈ ಮಾತು ಸುಳ್ಳು ಎಂದು ನಾನು ಹೇಳುತ್ತಿದ್ದೇನೆ. ನಮ್ಮ ದೇಶದ ಕಾನೂನಿನಲ್ಲಿ ಇದಕ್ಕೆ ಬೇರಿಲ್ಲ, ನಮ್ಮ ನ್ಯಾಯಾಲಯಗಳ ದಿನನಿತ್ಯದ ನಡವಳಿಕೆ ಇದನ್ನು ಅಲ್ಲಗಳೆಯುತ್ತದೆ, ಇದನ್ನು ಒಪ್ಪಿಕೊಂಡಷ್ಟು ದಿನ ವಕೀಲರಿಂದ ನಷ್ಟಕ್ಕೊಳಗಾದ ಬಡವನಿಗೆ ಬಾಗಿಲು ತೆರೆಯುವುದಿಲ್ಲ. ನಾನು ವಕೀಲನಲ್ಲ. ಕೋರ್ಟಿನ ಜಗಲಿಯ ಮೇಲೆ ಕಾದು ಕೂತವರ ಪೈಕಿ. ಈ ವಿಷಯದಲ್ಲಿ ನಮಗೂ ಮಾತಿದೆ.

ಈ ನಂಬಿಕೆ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡಬೇಕು. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ವಕೀಲನ ಮೇಲೆ ದಾವೆ ಹೂಡಿದವನು ವೃತ್ತಿಯ ಮಟ್ಟ ಏನು, ಈ ವಕೀಲ ಅದಕ್ಕಿಂತ ಹೇಗೆ ಕೆಳಗಿಳಿದ ಎಂಬುದನ್ನು ಇನ್ನೊಬ್ಬ ವಕೀಲನ ಬಾಯಿಂದ ಹೇಳಿಸಬೇಕು. ಹೇಳಿಸದಿದ್ದರೆ ಸಾಮಾನ್ಯವಾಗಿ ಮೊಕದ್ದಮೆ ಜ್ಯೂರಿಯ ಮುಂದೆ ಹೋಗುವುದೇ ಇಲ್ಲ. ನ್ಯೂಜೆರ್ಸಿ ರಾಜ್ಯ 1995ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಪ್ರತಿವಾದಿ ತನ್ನ ಉತ್ತರ ಸಲ್ಲಿಸಿದ 60 ದಿನಗಳೊಳಗೆ, ಅಬ್ಬಬ್ಬಾ ಎಂದರೆ ಇನ್ನೊಂದು 60 ದಿನಗಳೊಳಗೆ, ಆ ವೃತ್ತಿಯ ಪರವಾನಗಿ ಇರುವ ಒಬ್ಬರಿಂದ ಪ್ರಮಾಣಪತ್ರ ತಂದು ಹಾಕಬೇಕು. ವೈದ್ಯರಿಗೆ, ಎಂಜಿನಿಯರರಿಗೆ ಇರುವ ಈ ನಿಯಮ ವಕೀಲರಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ತಜ್ಞ ಸಾಕ್ಷ್ಯದ ಪರ ಮಾತಾಡುವವರ ಬಾಯಲ್ಲಿ ಹೆಚ್ಚಾಗಿ ಬರುವುದು ಈ ಅಮೆರಿಕದ ಪದ್ಧತಿಯೇ.

ಆದರೆ ಅಲ್ಲಿ ಆ ನಿಯಮ ಹುಟ್ಟಿದ್ದಕ್ಕೆ ಕಾರಣವಿದೆ. ಅಲ್ಲಿ ತಪ್ಪು ಒಪ್ಪನ್ನು ತೀರ್ಮಾನಿಸುವುದು ಜ್ಯೂರಿ. ಬಡಗಿ, ಶಾಲಾ ಶಿಕ್ಷಕಿ, ಲಾರಿ ಚಾಲಕ, ಅಂಗಡಿಯವರು ಸೇರಿ ಕೂತ ಪಂಚಾಯಿತಿ ಅದು. ಅವರು ಒಂದು ಪ್ಲೀಡಿಂಗನ್ನು ಹೇಗೆ ಬರೆಯುತ್ತಾರೆ ಎಂದು ಕಂಡವರಲ್ಲ. ಅವರಿಗೆ ವೃತ್ತಿಯ ಒಳಗನ್ನು ತಿಳಿಸಿ ಹೇಳಲು ತಜ್ಞ ಬೇಕು ಎಂಬುದರಲ್ಲಿ ತರ್ಕವಿದೆ. ಹಾಗಿದ್ದೂ ಅಲ್ಲಿನ ನ್ಯಾಯಾಲಯಗಳು ಒಂದು ವಿನಾಯಿತಿ ಇಟ್ಟುಕೊಂಡಿವೆ: ಸಾಮಾನ್ಯ ತಿಳಿವಳಿಕೆಗೆ ಎಟುಕುವ ತಪ್ಪಿಗೆ, ಉದಾಹರಣೆಗೆ ಕಾಲಮಿತಿ ಮೀರಿಸಿದ್ದಕ್ಕೆ, ತಜ್ಞ ಬೇಡ. ನಮ್ಮವರು ನಿಯಮವನ್ನು ಹೇಳುತ್ತಾರೆ, ವಿನಾಯಿತಿಯನ್ನು ಹೇಳುವುದಿಲ್ಲ.

ನಮ್ಮಲ್ಲಿ ಜ್ಯೂರಿ ಎಲ್ಲಿದೆ? 1959ರ ನಾನಾವತಿ ಮೊಕದ್ದಮೆಯ ನಂತರದ ವರ್ಷಗಳಲ್ಲಿ ಅದು ಒಂದೊಂದೇ ಕಡೆ ಮರೆಯಾಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವೇ ಉಳಿಯಲಿಲ್ಲ. ನಮ್ಮ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ವಾಸ್ತವಾಂಶವನ್ನೂ ಕಾನೂನನ್ನೂ ತೀರ್ಮಾನಿಸುವವರು ಒಬ್ಬರೇ: ಪೀಠದಲ್ಲಿ ಕೂತ ನ್ಯಾಯಾಧೀಶರು. ಅವರು ಯಾರು? ಸಂವಿಧಾನದ 233ನೇ ವಿಧಿಯ ಪ್ರಕಾರ ವಕೀಲರ ಸಾಲಿನಿಂದ ನೇರವಾಗಿ ಜಿಲ್ಲಾ ನ್ಯಾಯಾಧೀಶರಾಗಲು ಕನಿಷ್ಠ ಏಳು ವರ್ಷ ವಕೀಲಿಕೆ ಮಾಡಿರಬೇಕು. ಕೆಳಹಂತದ ಸಿವಿಲ್ ನ್ಯಾಯಾಧೀಶರ ಹುದ್ದೆಗೂ ಮೂರು ವರ್ಷ ವಕೀಲಿಕೆ ಮಾಡಿರಲೇಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ಮತ್ತೆ ಕಡ್ಡಾಯ ಮಾಡಿತು. ಕಾನೂನು ಪುಸ್ತಕ ಓದಿದರೆ ಸಾಲದು, ಕೋರ್ಟಿನ ಕೆಲಸ ಹೇಗೆ ನಡೆಯುತ್ತದೆಂದು ಕಣ್ಣಾರೆ ಕಂಡಿರಬೇಕು ಎಂಬುದೇ ಅದರ ಉದ್ದೇಶ. ವಕೀಲಿಕೆ ಮಾಡಿ ಬಂದವರು, ಪೀಠದ ಮೇಲೆ ಕೂತು ದಿನಕ್ಕೆ ಹತ್ತಾರು ವಕೀಲರ ಕೆಲಸವನ್ನು ನೋಡುವವರು, ಲಿಖಿತ ಹೇಳಿಕೆ ಸಲ್ಲಿಸದೆ ಬಿಟ್ಟದ್ದು ತಪ್ಪೇ ಎಂದು ತಿಳಿಯಲು ಹೊರಗಿನಿಂದ ಇನ್ನೊಬ್ಬ ವಕೀಲರನ್ನು ಕರೆಸಿ ಕೇಳಬೇಕೆ? ಹಾಗೆಂದು ವಾದಿಸುವುದು ಆ ನ್ಯಾಯಾಧೀಶರಿಗೇ ಅವಮಾನ.

ಕಾನೂನಿನ ಅಕ್ಷರವನ್ನೂ ನೋಡೋಣ. 1872ರ ಸಾಕ್ಷ್ಯ ಅಧಿನಿಯಮದ 45ನೇ ಕಲಮು ತಜ್ಞರ ಅಭಿಪ್ರಾಯವನ್ನು ಯಾವುದಕ್ಕೆ ಕೇಳಬಹುದೆಂದು ಹೇಳುತ್ತಿತ್ತು: ಪರದೇಶದ ಕಾನೂನು, ವಿಜ್ಞಾನ, ಕಲೆ, ಕೈಬರಹ, ಬೆರಳಚ್ಚು. ಕಾನೂನಿಗೆ ಸಂಬಂಧಿಸಿದಂತೆ ಪರದೇಶದ ಕಾನೂನು ಮಾತ್ರ. ಏಕೆಂದರೆ ಸ್ವದೇಶದ ಕಾನೂನು ನ್ಯಾಯಾಧೀಶರಿಗೆ ಗೊತ್ತಿರುತ್ತದೆ, ಅದಕ್ಕೆ ಸಾಕ್ಷಿ ಬೇಡ ಎಂಬುದು ಆ ಕಾಯ್ದೆಯ ಅಡಿಪಾಯ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿ ಬೇರೆ ಯಾವುದೇ ಕ್ಷೇತ್ರ ಎಂಬ ಅರ್ಥದ ಮಾತು ಹೊಸದಾಗಿ ಸೇರಿದೆ. ವಕೀಲಿಕೆಯೂ ಒಂದು ಕ್ಷೇತ್ರವಲ್ಲವೇ ಎಂದು ಕೇಳುವವರಿದ್ದಾರೆ. ಇರಲಿ, ಕ್ಷೇತ್ರವೇ. ಆ ಕಲಮು ಹೇಳುವುದು ತಜ್ಞರ ಅಭಿಪ್ರಾಯ ಪ್ರಸ್ತುತ ಎಂದಷ್ಟೆ. ಅದಿಲ್ಲದೆ ದಾವೆ ನಿಲ್ಲುವುದಿಲ್ಲ ಎಂದು ಹಳೆಯ ಕಾಯ್ದೆಯೂ ಹೇಳಲಿಲ್ಲ, ಹೊಸದೂ ಹೇಳುವುದಿಲ್ಲ. ಕೇಳಬಹುದು ಎಂಬುದಕ್ಕೂ ಕೇಳಲೇಬೇಕು ಎಂಬುದಕ್ಕೂ ಇರುವ ಅಂತರ ವಕೀಲರಿಗೆ ತಿಳಿಯದ್ದೇನಲ್ಲ.

ಇನ್ನು ನ್ಯಾಯಾಲಯದ ನಡವಳಿಕೆ. ಯಾವ ಊರಿನ ಯಾವ ಕೋರ್ಟಿಗಾದರೂ ಹೋಗಿ ಕೂತು ನೋಡಿ. ವಿಳಂಬ ಮನ್ನಿಸಿ ಎಂಬ ಅರ್ಜಿಗಳು ದಿನವೂ ಬರುತ್ತವೆ. ಗೈರುಹಾಜರಿಯಿಂದ ವಜಾ ಆದ ದಾವೆಯನ್ನು ಪುನಃ ಕಡತಕ್ಕೆ ತೆಗೆದುಕೊಳ್ಳಿ ಎಂಬ ಅರ್ಜಿಗಳು ಬರುತ್ತವೆ. ಅವುಗಳಲ್ಲಿ ಎಷ್ಟೋ ಅರ್ಜಿಗಳ ಕಾರಣ ಒಂದೇ: ವಕೀಲರು ತಿಳಿಸಲಿಲ್ಲ, ವಕೀಲರು ಬರಲಿಲ್ಲ, ವಕೀಲರ ಗುಮಾಸ್ತರು ತಾರೀಕು ತಪ್ಪಾಗಿ ಬರೆದುಕೊಂಡರು. ನ್ಯಾಯಾಧೀಶರು ಒಂದು ಅಫಿಡವಿಟ್ಟು ಓದಿ, ಆರ್ಡರ್ ಶೀಟು ತಿರುವಿ, ವಕೀಲರ ತಪ್ಪು ಇತ್ತೇ ಇಲ್ಲವೇ ಎಂದು ಆ ಮಧ್ಯಾಹ್ನವೇ ತೀರ್ಮಾನ ಕೊಡುತ್ತಾರೆ. ಯಾವ ತಜ್ಞರೂ ಬರುವುದಿಲ್ಲ. ಬರಬೇಕೆಂದು ಯಾರೂ ಕೇಳುವುದಿಲ್ಲ.

1981ರಲ್ಲಿ ಸುಪ್ರೀಂ ಕೋರ್ಟು ರಫೀಕ್ ವಿರುದ್ಧ ಮುನ್ಷಿಲಾಲ್ ಎಂಬ ಮೊಕದ್ದಮೆಯಲ್ಲಿ ಮಾಡಿದ್ದೂ ಇದನ್ನೇ. ಅಲಹಾಬಾದ್ ಹೈಕೋರ್ಟಿನಲ್ಲಿ ವಕೀಲರು ಬಾರದ ಕಾರಣ ಮೇಲ್ಮನವಿ ವಜಾ ಆಗಿತ್ತು. ಹಳ್ಳಿಯಿಂದ ಬಂದ ಕಕ್ಷಿದಾರ ತನ್ನ ವಕೀಲನನ್ನು ನೇಮಿಸಿ, ಫೀಸು ಕೊಟ್ಟು, ವಿಶ್ವಾಸವಿಟ್ಟು ಊರಿಗೆ ಹೋಗುತ್ತಾನೆ. ವಕೀಲ ಬಂದಿದ್ದಾನೆಯೇ ಎಂದು ಕಾಯುವ ಕಾವಲುಗಾರ ಅವನಲ್ಲ ಎಂಬ ನೋಟದಿಂದ ನ್ಯಾಯಮೂರ್ತಿ ಡಿ.ಎ. ದೇಸಾಯಿ ಆ ಮೇಲ್ಮನವಿಗೆ ಮತ್ತೆ ಜೀವ ಕೊಟ್ಟರು. ಎದುರು ಪಕ್ಷದ ಖರ್ಚು 200 ರೂಪಾಯಿಯನ್ನು ಗೈರಾದ ವಕೀಲರಿಂದ ವಸೂಲು ಮಾಡಬೇಕೆಂದರು. ವಕೀಲನ ಲೋಪ ನಿರ್ಣಯವಾಯಿತು, ದಂಡವೂ ಬಿತ್ತು. ತಜ್ಞ ಸಾಕ್ಷಿ ಎಲ್ಲಿ?

ಹಣದ ವಿಷಯ ಬಿಟ್ಟು ಪ್ರಾಣದ ವಿಷಯಕ್ಕೆ ಬನ್ನಿ. ಮಧ್ಯಪ್ರದೇಶದ ಅನೋಖಿಲಾಲ್ ಮೊಕದ್ದಮೆಯಲ್ಲಿ ಆರೋಪಿಗೆ ಕೋರ್ಟು 2013ರ ಫೆಬ್ರವರಿ 19ರಂದು ವಕೀಲರನ್ನು ನೇಮಿಸಿತು. ಅದೇ ದಿನ ಆರೋಪ ಪಟ್ಟಿಯ ಮೇಲೆ ದೋಷಾರೋಪಣೆ ಹೊರಿಸಲಾಯಿತು. ಎರಡು ವಾರ ತುಂಬುವುದರೊಳಗೆ ವಿಚಾರಣೆಯೇ ಮುಗಿದು ಮರಣದಂಡನೆ ಆಯಿತು. 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. ಕಡತ ಓದಲು ಒಂದು ದಿನವೂ ಸಿಗದ ವಕೀಲರು ಆರೋಪಿಗೆ ಏನು ನೆರವಾಗಬಲ್ಲರು ಎಂದು ಕೇಳಿತು. ಮರಣದಂಡನೆ ಅಥವಾ ಜೀವಾವಧಿಗೆ ಅವಕಾಶವಿರುವ ಮೊಕದ್ದಮೆಗಳಲ್ಲಿ ಕನಿಷ್ಠ 10 ವರ್ಷ ಅನುಭವವಿರುವವರನ್ನೇ ಪರಿಗಣಿಸಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು ಎಂದು ಮಟ್ಟವನ್ನೂ ಗೊತ್ತುಮಾಡಿತು. ವಕೀಲಿಕೆಯ ಮಟ್ಟ ಯಾವುದೆಂದು ಹೇಳಿದ್ದು ನ್ಯಾಯಾಲಯವೇ. ಒಬ್ಬನ ಕೊರಳಿಗೆ ಬಿದ್ದ ಹಗ್ಗವನ್ನು ತೆಗೆಯುವಾಗ ಬೇಡವಾದ ತಜ್ಞ, ಒಬ್ಬ ರೈತನಿಗೆ ಹೋದ ಒಂದೂವರೆ ಎಕರೆಯ ಬೆಲೆ ಕೊಡಿಸುವಾಗ ಏಕೆ ಬೇಕಾಗುತ್ತಾನೆ?

ಇದಕ್ಕೆ ನನಗೆ ಸಿಕ್ಕ ಉತ್ತರ ಒಂದೇ: ಮೊದಲನೆಯದರಲ್ಲಿ ವಕೀಲರ ಜೇಬಿನಿಂದ ಏನೂ ಹೋಗುವುದಿಲ್ಲ.

ವೈದ್ಯರ ಹೋಲಿಕೆಯನ್ನೂ ಎತ್ತುತ್ತಾರೆ. ವೈದ್ಯರ ನಿರ್ಲಕ್ಷ್ಯಕ್ಕೆ ತಜ್ಞ ಬೇಕಲ್ಲ, ವಕೀಲರಿಗೆ ಏಕೆ ಬೇಡ ಎನ್ನುತ್ತಾರೆ. 2005ರ ಜೇಕಬ್ ಮ್ಯಾಥ್ಯೂ ತೀರ್ಪು ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ಮುನ್ನ ತಜ್ಞರ ಅಭಿಪ್ರಾಯ ಪಡೆಯಬೇಕೆಂದಿತು, ಸರಿ. 2009ರಲ್ಲಿ ಮಾರ್ಟಿನ್ ಡಿಸೋಜಾ ತೀರ್ಪು ಗ್ರಾಹಕ ವೇದಿಕೆಗಳಲ್ಲೂ ಹಾಗೆಯೇ ಆಗಬೇಕೆಂದಿತು. ಒಂದೇ ವರ್ಷದಲ್ಲಿ, 2010ರ ಕಿಶನ್ ರಾವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಪಾಲಿಸಬೇಕಿಲ್ಲ ಎಂದು ಹೇಳಿತು. ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಮಲೇರಿಯಾ ಜ್ವರದ ರೋಗಿಗೆ ಟೈಫಾಯ್ಡಿನ ಚಿಕಿತ್ಸೆ ಕೊಟ್ಟು ಆಕೆ ತೀರಿಕೊಂಡ ಪ್ರಕರಣ ಅದು. ಎಲ್ಲ ಪ್ರಕರಣಕ್ಕೂ ತಜ್ಞ ಸಾಕ್ಷ್ಯ ಬೇಕಿಲ್ಲ, ತಪ್ಪು ತಾನಾಗಿಯೇ ಕಾಣುವಂತಿದ್ದರೆ ಅದೇ ಸಾಕು ಎಂದು ಕೋರ್ಟು ಹೇಳಿತು. ರಕ್ತದಲ್ಲಿನ ಮಲೇರಿಯಾ ರೋಗಾಣು ನ್ಯಾಯಾಧೀಶರ ಕಣ್ಣಿಗೆ ಬಿದ್ದದ್ದಲ್ಲ. ಆರ್ಡರ್ ಶೀಟಾದರೋ ಅವರೇ ಬರೆಸಿದ್ದು. ವೈದ್ಯರ ವಿಷಯದಲ್ಲೇ ಕಡ್ಡಾಯವಲ್ಲದ್ದು ವಕೀಲರ ವಿಷಯದಲ್ಲಿ ಕಡ್ಡಾಯ ಹೇಗಾದೀತು?

ಸರಿ, ತಜ್ಞರು ಬಂದರು ಎಂದೇ ಇಟ್ಟುಕೊಳ್ಳೋಣ. ಅವರು ಬಂದು ಏನು ಹೇಳುತ್ತಾರೆ? ಇಂಗ್ಲೆಂಡಿನ ಒಂದು ಹಳೆಯ ಪ್ರಕರಣ ಇಲ್ಲಿ ನೆನಪಿಗೆ ಬರುತ್ತದೆ. 1961ರಲ್ಲಿ ಒಬ್ಬ ತಂದೆ ಸುಮಾರು 300 ಎಕರೆಯ ತನ್ನ ಜಮೀನನ್ನು ಮುಂದಿನ ಹತ್ತು ವರ್ಷಗಳಲ್ಲಿ ಯಾವಾಗ ಬೇಕಾದರೂ ನಿಗದಿತ ಬೆಲೆಗೆ ಕೊಳ್ಳುವ ಹಕ್ಕನ್ನು ಮಗನಿಗೆ ಬರೆದುಕೊಟ್ಟ. ಆ ಹಕ್ಕನ್ನು ನೋಂದಣಿ ಮಾಡಿಸಬೇಕಿತ್ತು. ಸಾಲಿಸಿಟರ್ ಮರೆತರು. 1967ರಲ್ಲಿ ಮನೆಯೊಳಗಿನ ಮನಸ್ತಾಪದಲ್ಲಿ ತಂದೆ ಅದೇ ಜಮೀನನ್ನು ಬರೀ 500 ಪೌಂಡಿಗೆ ಹೆಂಡತಿಯ ಹೆಸರಿಗೆ ಮಾಡಿದ. ನೋಂದಣಿ ಆಗಿಲ್ಲದ ಕಾರಣ ಮಗನ ಹಕ್ಕು ಅವಳನ್ನು ಕಟ್ಟಿಹಾಕಲಿಲ್ಲ. ಸಾಲಿಸಿಟರ್ ಸಂಸ್ಥೆಯ ಮೇಲಿನ ದಾವೆಯಲ್ಲಿ ವೃತ್ತಿಬಾಂಧವರು ಸಾಕ್ಷಿ ಹೇಳಲು ಬಂದರು. ನ್ಯಾಯಮೂರ್ತಿ ಆಲಿವರ್ ಅದನ್ನು ಜರಡಿ ಹಿಡಿದರು. ವೃತ್ತಿಯಲ್ಲಿ ಇಂಥದ್ದೊಂದು ಗೊತ್ತಾದ ಪದ್ಧತಿ ಇದೆ ಎಂದು ತೋರಿಸುವುದಾದರೆ ಆ ಸಾಕ್ಷ್ಯಕ್ಕೆ ಬೆಲೆಯಿದೆ. ಆದರೆ ಆ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ ಎಂದು ಹೇಳುವುದರಿಂದ ಕೋರ್ಟಿಗೆ ಉಪಯೋಗವಿಲ್ಲ, ಕಾನೂನಿನ ದೃಷ್ಟಿಯಲ್ಲಿ ಕರ್ತವ್ಯ ಏನಿತ್ತು ಎಂದು ನಿರ್ಣಯಿಸುವುದು ಕೋರ್ಟಿನದೇ ಕೆಲಸ ಎಂಬುದು ಅವರ ತೀರ್ಮಾನದ ಸಾರ. ತೊಂಬತ್ತರ ದಶಕದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯವೂ ಜಮೀನಿನ ವ್ಯವಹಾರದ ಇನ್ನೊಂದು ಮೊಕದ್ದಮೆಯಲ್ಲಿ ಇಂಥ ತಜ್ಞ ಸಾಕ್ಷ್ಯಕ್ಕೆ ಅವಕಾಶ ಕೊಡಲಿಲ್ಲ. ಇಂಥ ದಾವೆಗಳನ್ನು ಜ್ಯೂರಿ ಇಲ್ಲದೆ ನ್ಯಾಯಾಧೀಶರೇ ತೀರ್ಮಾನಿಸುವ ಪದ್ಧತಿ ನಮ್ಮದೂ ಅವರದೂ ಒಂದೇ. ನಾವು ಪಾಠ ಕಲಿಯಬೇಕಾದರೆ ಅಲ್ಲಿಂದ ಕಲಿಯಬೇಕು.

ವೃತ್ತಿಯಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂಬ ಸಾಕ್ಷ್ಯ ಸಿಕ್ಕಿದರೂ ಅಲ್ಲಿಗೆ ಮುಗಿಯುವುದಿಲ್ಲ. ಹಾಂಕಾಂಗಿನಲ್ಲಿ ಆಸ್ತಿ ಕೊಳ್ಳುವಾಗ ಒಂದು ರೂಢಿಯಿತ್ತು: ಕೊಳ್ಳುವವರ ಸಾಲಿಸಿಟರ್ ಮೊದಲೇ ಹಣ ಕೊಟ್ಟುಬಿಡುವುದು, ಪತ್ರಗಳನ್ನು ಆಮೇಲೆ ಕಳಿಸುತ್ತೇನೆ ಎಂಬ ಎದುರು ಸಾಲಿಸಿಟರ್‌ನ ಮಾತನ್ನು ನಂಬುವುದು. ಬಹುತೇಕ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಒಂದು ಸಲ ಎದುರು ಸಾಲಿಸಿಟರ್ ಹಣದೊಂದಿಗೆ ಪರಾರಿಯಾದ. 1984ರ ಎಡ್ವರ್ಡ್ ವಾಂಗ್ ತೀರ್ಪಿನಲ್ಲಿ ಪ್ರಿವಿ ಕೌನ್ಸಿಲ್ ಹೇಳಿತು: ಎಲ್ಲರೂ ಮಾಡುತ್ತಿದ್ದರು ಎಂಬುದು ರಕ್ಷಣೆಯಾಗದು, ಆ ರೂಢಿಯಲ್ಲಿದ್ದ ಅಪಾಯ ಕಣ್ಣಿಗೆ ಕಾಣುವಂತಿತ್ತು, ಸುಲಭವಾಗಿ ತಪ್ಪಿಸಬಹುದಿತ್ತು. ಅಲ್ಲಿ ಇಡೀ ವೃತ್ತಿಯೇ ತಜ್ಞ ಸಾಕ್ಷಿಯಾಗಿ ಬಂದು ನಿಂತಿದ್ದರೂ ತಪ್ಪು ಒಪ್ಪಾಗುತ್ತಿರಲಿಲ್ಲ.

ಇದು ದೂರದ ಮಾತಲ್ಲ. ನಮ್ಮಲ್ಲಿ ಜಮೀನು ಕೊಳ್ಳುವವರು ವಕೀಲರಿಂದ ಲೀಗಲ್ ಒಪಿನಿಯನ್ ತೆಗೆದುಕೊಳ್ಳುತ್ತಾರೆ. ಅವಸರದ ರೂಢಿ ಏನೆಂದರೆ ಋಣಭಾರ ಪ್ರಮಾಣಪತ್ರ (ಇ.ಸಿ.), ಪಹಣಿ, ಎರಡು ಮೂರು ಹಿಂದಿನ ಕ್ರಯಪತ್ರ ನೋಡಿ ಹಕ್ಕು ಶುದ್ಧವಾಗಿದೆ ಎಂದು ಬರೆದುಕೊಡುವುದು. ಆನ್‌ಲೈನಿನಲ್ಲಿ ಸಿಗುವ ಇ.ಸಿ. 2004ರ ಏಪ್ರಿಲ್‌ನಿಂದ ಈಚಿನದು. ಆದರೆ ಕರ್ನಾಟಕದಲ್ಲಿ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ಪರಿಶಿಷ್ಟ ಜಾತಿ ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಅಥವಾ ಸರ್ಕಾರದ ಅನುಮತಿಯಿಲ್ಲದೆ ಮಾರಿದರೆ ಆ ಕ್ರಯ ಅಸಿಂಧು, ಸಹಾಯಕ ಆಯುಕ್ತರು ಅದನ್ನು ಮೂಲ ಕುಟುಂಬಕ್ಕೆ ಬಿಡಿಸಿಕೊಡಬೇಕು. ಅನ್ಯಾಯವಾಗಿ ಕೈತಪ್ಪಿದ ನೆಲವನ್ನು ವಾಪಸು ಕೊಡಿಸುವ ನ್ಯಾಯವಾದ ಕಾಯ್ದೆ ಅದು. ತಡವಾಗಿ ಬಂದ ಅರ್ಜಿಗಳನ್ನು ಪುರಸ್ಕರಿಸಲಾಗದು ಎಂಬ ಸುಪ್ರೀಂ ಕೋರ್ಟಿನ 2017ರ ತೀರ್ಪಿನ ನಂತರ 2023ರ ತಿದ್ದುಪಡಿಯಲ್ಲಿ ನಮ್ಮ ಶಾಸನಸಭೆ ಕಾಲಮಿತಿಯೇ ಅನ್ವಯಿಸದು ಎಂದು ಸೇರಿಸಿತು. ಐವತ್ತು ಅರವತ್ತು ವರ್ಷದ ಹಿಂದಿನ ಮಂಜೂರಾತಿ ಇ.ಸಿ.ಯಲ್ಲಿ ಕಾಣುವುದಿಲ್ಲ. ಅದಕ್ಕೆ ತಾಲ್ಲೂಕು ಕಚೇರಿಯಲ್ಲಿ ಮಂಜೂರಾತಿ ಕಡತ, ಸಾಗುವಳಿ ಚೀಟಿ, ಹಳೆಯ ಮ್ಯುಟೇಷನ್ ತೆಗೆಸಿ ನೋಡಬೇಕು. ನೋಡದೆ ಒಪಿನಿಯನ್ ಬರೆದುಕೊಟ್ಟ ವಕೀಲರ ಮೇಲೆ ದಾವೆ ಬಂದಾಗ, ಆ ಊರಿನ ಹತ್ತು ವಕೀಲರು ಬಂದು ‘ನಾವೂ ಇಷ್ಟೇ ನೋಡೋದು’ ಎಂದು ಪ್ರಮಾಣ ಮಾಡಿ ಹೇಳಬಹುದು. ಅವರು ನಿಜವನ್ನೇ ಹೇಳುತ್ತಿರಬಹುದು. ಆ ನಿಜ ಆ ಹತ್ತೂ ಜನರ ಕಕ್ಷಿದಾರರು ಅಪಾಯದಲ್ಲಿದ್ದಾರೆ ಎಂಬುದಕ್ಕೆ ಸಾಕ್ಷಿ, ಹನ್ನೊಂದನೆಯವರು ನಿರ್ದೋಷಿ ಎಂಬುದಕ್ಕೆ ಅಲ್ಲ.

ವಕೀಲರ ಕಡೆಯಿಂದ ಒಂದು ನ್ಯಾಯವಾದ ಆತಂಕವಿದೆ. ಯಾವ ಸಾಕ್ಷಿಯನ್ನು ಕರೆಸಬೇಕು, ಪಾಟೀಸವಾಲಿನಲ್ಲಿ ಯಾವ ಪ್ರಶ್ನೆಯನ್ನು ಬಿಡಬೇಕು, ರಾಜಿಗೆ ಒಪ್ಪಬೇಕೆ ಬೇಡವೆ, ಇವು ಆ ಕ್ಷಣದ ವಿವೇಚನೆಗೆ ಬಿಟ್ಟ ವಿಷಯ. ಸೋತ ಪ್ರತಿಯೊಬ್ಬರೂ ನಾಳೆ ಬಂದು ನೀವು ಆ ಪ್ರಶ್ನೆ ಕೇಳಲಿಲ್ಲ ಎಂದು ದಾವೆ ಹಾಕಿದರೆ ಯಾವ ವಕೀಲರೂ ಧೈರ್ಯವಾಗಿ ವಾದಿಸಲಾರರು. ಒಪ್ಪುತ್ತೇನೆ. ಬ್ಯಾಂಕೊಂದಕ್ಕೆ ಕೊಟ್ಟ ಒಪಿನಿಯನ್ ತಪ್ಪಾದ ಮಾತ್ರಕ್ಕೆ, ಸಂಚಿನಲ್ಲಿ ಕೈಯಿತ್ತು ಎಂಬ ಆಧಾರವಿಲ್ಲದೆ ವಕೀಲರನ್ನು ಕ್ರಿಮಿನಲ್ ಮೊಕದ್ದಮೆಗೆ ಎಳೆಯಬಾರದು ಎಂದು 2012ರ ನಾರಾಯಣ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಸರಿಯೇ. ವಿವೇಚನೆಯಿಂದ ಮಾಡಿದ ಆಯ್ಕೆ ತಪ್ಪಿದರೆ ಅದು ನಿರ್ಲಕ್ಷ್ಯವಲ್ಲ ಎಂಬ ಅಳತೆಗೋಲು ಆ ಆತಂಕಕ್ಕೆ ಸಾಕು. ಅದನ್ನು ನ್ಯಾಯಾಧೀಶರೇ ಹಿಡಿದು ಅಳೆಯಬಲ್ಲರು. ಪೇಟೆಂಟ್, ಅಂತರರಾಷ್ಟ್ರೀಯ ತೆರಿಗೆ, ಹಡಗಿನ ಸರಕಿನ ಒಪ್ಪಂದದಂಥ ಕೆಲವೇ ಜನ ಮಾಡುವ ಕೆಲಸಗಳಲ್ಲಿ ರೂಢಿ ಏನೆಂದು ತಿಳಿಯಲು ಒಬ್ಬರನ್ನು ಕೇಳುವುದಾದರೆ ಕೇಳಲಿ, ಅದೂ ಕೋರ್ಟೇ ಗೊತ್ತುಮಾಡಿದವರನ್ನು. ಆದರೆ ಚೆಕ್ ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟಿಸು, ಅದು ತಲುಪಿದ ಮೇಲೆ ಹಣ ಕೊಡಲು 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು ಎಂಬ ಲೆಕ್ಕವನ್ನು ವಕೀಲರು ತಪ್ಪಿಸಿದರೆ, ಅದನ್ನು ಕಂಡುಹಿಡಿಯಲು ಬೇಕಾದ್ದು ಒಂದು ಕ್ಯಾಲೆಂಡರು.

ಈ ಚರ್ಚೆ ಈಗ ತುರ್ತಾಗಿರುವುದಕ್ಕೆ ಕಾರಣ ಸುಪ್ರೀಂ ಕೋರ್ಟಿನ 2024ರ ಮೇ 14ರ ತೀರ್ಪು. ದೆಹಲಿಯ ಒಬ್ಬ ಕಕ್ಷಿದಾರರ ಚೆಕ್ ಬೌನ್ಸ್ ಕೇಸಿನಲ್ಲಿ ಎದುರಿನವರು 20,000 ರೂಪಾಯಿ ಕೊಟ್ಟರೂ ಅದು ತಮ್ಮ ಕೈಗೆ ಸೇರದಂತೆ ವಕೀಲರು ಫೀಸಿನ ತಕರಾರು ತೆಗೆದರು ಎಂಬ ದೂರಿನಿಂದ ಶುರುವಾದ ಪ್ರಕರಣ ಅದು. ವಕೀಲರ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2007ರಲ್ಲಿ ಹೇಳಿತ್ತು. ಹದಿನೇಳು ವರ್ಷದ ನಂತರ ನ್ಯಾಯಮೂರ್ತಿಗಳಾದ ಬೇಲಾ ತ್ರಿವೇದಿ ಮತ್ತು ಪಂಕಜ್ ಮಿತ್ತಲ್ ಅವರ ಪೀಠ ಅದನ್ನು ತಳ್ಳಿಹಾಕಿತು. ವಕೀಲ ವೃತ್ತಿ ತನ್ನದೇ ಬಗೆಯದು, ಬೇರಾವುದಕ್ಕೂ ಹೋಲಿಸುವಂತಿಲ್ಲ ಎಂದಿತು. ಆದರೆ ವಕೀಲರ ಮೇಲೆ ಬೇರೆ ನ್ಯಾಯಾಲಯಗಳಲ್ಲಿ ದಾವೆ ಹೂಡಬಾರದು ಎಂದೇನೂ ಅದು ಹೇಳಲಿಲ್ಲ. ಹೇಳಲು ಬರುವಂತೆಯೂ ಇಲ್ಲ. 1926ರ ಲೀಗಲ್ ಪ್ರಾಕ್ಟೀಷನರ್ಸ್ ಫೀಸ್ ಕಾಯ್ದೆಯ 5ನೇ ಕಲಮು, ವಕೀಲ ಎಂಬ ಒಂದೇ ಕಾರಣಕ್ಕೆ ನಿರ್ಲಕ್ಷ್ಯದ ದಾವೆಯಿಂದ ಯಾರಿಗೂ ವಿನಾಯಿತಿ ಇಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. 1988ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ವೀರಪ್ಪ ವಿರುದ್ಧ ಸಿಕ್ವೇರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿ ಹೇಳಿದೆ.

ಹಾಗಾಗಿ ಉಳಿದಿರುವ ದಾರಿ ಸಿವಿಲ್ ಕೋರ್ಟು. ವಕೀಲರ ಪರಿಷತ್ತಿಗೆ ದೂರು ಕೊಡಬಹುದಲ್ಲ ಎನ್ನುವವರು ಅಲ್ಲಿ ಏನು ಸಿಗುತ್ತದೆಂದು ಹೇಳಬೇಕು. 1961ರ ವಕೀಲರ ಕಾಯ್ದೆಯ ಪ್ರಕಾರ ಶಿಸ್ತು ಸಮಿತಿಯ ಮೂವರೂ ವಕೀಲರು. ಇಬ್ಬರು ವಕೀಲರೇ ಮತ ಹಾಕಿ ಕಳಿಸಿದ ಪರಿಷತ್ತಿನ ಸದಸ್ಯರು. ಅವರು ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಹೆಸರನ್ನೇ ಪಟ್ಟಿಯಿಂದ ತೆಗೆಯಬಹುದು. ಕಳೆದ ಜಮೀನಿನ ಬೆಲೆ ಕೊಡಿಸುವ ಅಧಿಕಾರ ಅವರಿಗಿಲ್ಲ. ಬರೀ ನಿರ್ಲಕ್ಷ್ಯ, ಅದರಲ್ಲಿ ಕೆಟ್ಟ ಉದ್ದೇಶ ಇಲ್ಲದಿದ್ದರೆ ದುರ್ನಡತೆಯೂ ಅಲ್ಲ ಎಂದು ಸುಪ್ರೀಂ ಕೋರ್ಟೇ ಹಿಂದೆ ಹೇಳಿದೆ. ಗ್ರಾಹಕ ವೇದಿಕೆ ಮುಚ್ಚಿತು, ಪರಿಷತ್ತಿಗೆ ಪರಿಹಾರ ಕೊಡಿಸಲು ಬರುವುದಿಲ್ಲ, ಸಿವಿಲ್ ಕೋರ್ಟಿನ ಬಾಗಿಲಲ್ಲಿ ಇನ್ನೊಬ್ಬ ವಕೀಲರ ಚೀಟಿ ತಂದವರಿಗೆ ಮಾತ್ರ ಪ್ರವೇಶ ಎನ್ನುತ್ತಾರೆ. ಮೂವತ್ತು ನಲವತ್ತು ವಕೀಲರಿರುವ ತಾಲ್ಲೂಕಿನಲ್ಲಿ ಆ ಚೀಟಿ ಬರೆದುಕೊಟ್ಟವರು ಮರುದಿನ ಸಂಘದ ಕೊಠಡಿಯಲ್ಲಿ ಯಾರ ಪಕ್ಕ ಕೂರಬೇಕು? ನಿರ್ದಿಷ್ಟ ಆರೋಪಿಗಳ ಪರ ಯಾರೂ ವಕಾಲತ್ತು ಹಾಕಬಾರದು ಎಂದು ಸಂಘಗಳು ಠರಾವು ಮಾಡುವುದು ಕಾನೂನುಬಾಹಿರ ಎಂದು 2010ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಗಿ ಬಂತು. ಅಂಥ ಒಗ್ಗಟ್ಟಿನ ಎದುರು ಒಬ್ಬ ರೈತನಿಗೆ ತಜ್ಞ ಸಾಕ್ಷಿಯನ್ನು ತಾ ಎನ್ನುವುದು, ಕೇಸು ಹಾಕಬೇಡ ಎನ್ನುವುದಕ್ಕೆ ಸಮ.

ನಮ್ಮ ಮಾವ ಆ ಮೂರನೆಯ ವಕೀಲರ ಮಾತು ಕೇಳಿ ಸುಮ್ಮನಾದರು. ದಾವೆ ಹೂಡಲಿಲ್ಲ. ಅಡಿಕೆ ಗಿಡ ಹಾಕಿದ್ದ ಒಂದೂವರೆ ಎಕರೆ ಹೋಯಿತು. ಆ ಆರ್ಡರ್ ಶೀಟನ್ನು ಒಬ್ಬ ನ್ಯಾಯಾಧೀಶರ ಮುಂದಿಟ್ಟಿದ್ದರೆ ಸಾಕಾಗುತ್ತಿತ್ತು ಎಂದು ಆಗ ನಮಗೆ ಹೇಳುವವರು ಇರಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಕಡತ ಇದ್ದರೆ ಅದನ್ನು ಕಟ್ಟಿಡಬೇಡಿ. ಕೋರ್ಟಿನ ನಕಲು ಶಾಖೆಗೆ ಹೋಗಿ ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ವಕೀಲರಿಗೆ ಕೊಟ್ಟ ಹಣದ ರಸೀದಿ, ಕಳಿಸಿದ ಸಂದೇಶ, ಬರೆದ ಪತ್ರ ಎಲ್ಲವನ್ನೂ ಜೊತೆಗಿಡಿ. ತಜ್ಞ ಸಾಕ್ಷಿ ಎಲ್ಲಿ ಎಂದು ಯಾರಾದರೂ ಕೇಳಿದರೆ, ಯಾವ ಕಲಮಿನಲ್ಲಿ ಅದು ಕಡ್ಡಾಯ ಎಂದು ತಿರುಗಿ ಕೇಳಿ. ಇಂಥ ದಾವೆ ಹೂಡಲು ಇರುವ ಅವಧಿ ಮೂರು ವರ್ಷ.